ಶೀನ ಮಾವ ಕೆಳಗಿಟ್ಟ ಚೂರಿ

ಎಪ್ಪತ್ತರ ದಶಕದ ಆ ದಿನಗಳಲ್ಲಿ, ಕಾಪು ಕಡೆಯ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಹುಡುಗ ದೊಡ್ಡವನಾದ ಎಂದು ಗೊತ್ತಾಗುತ್ತಿದ್ದದ್ದು ಅವನ ಚಡ್ಡಿಯ ಕಿಸೆಯಿಂದ. ಕಿಸೆಗೆ ಮಡಚುವ ಚೂರಿ ಬಂತೆಂದರೆ ಅವನು ಹೂ ಕಟ್ಟುವುದಕ್ಕೆ ಬಾಳೆನಾರು ಸೀಳಿ ಕೊಡಬಲ್ಲ, ಮಾವಿನಕಾಯಿ ಹೆಚ್ಚಿ ಉಪ್ಪು ಮೆಣಸಿನ ಪುಡಿ ಹಚ್ಚಿ ಹಂಚಬಲ್ಲ, ಚಿಕ್ಕವರಿಗೆ ಗಾಳಿಗೆ ತಿರುಗುವ ತೆಂಗಿನ ಗರಿಯ ಗಿರಿಗಿಟಿ ಮಾಡಿಕೊಡಬಲ್ಲ ಎಂದು ಅರ್ಥ. ಅಂಥ ಚೂರಿ ಕಿಸೆಯಲ್ಲಿಟ್ಟು ಓಡಿದವರಿಗೆ, ತೊಡೆಗೆ ತಾಗುತ್ತಿದ್ದ ಅದರ ತಣ್ಣಗಿನ ಭಾರ ಈಗಲೂ ನೆನಪಿರಬಹುದು. ನನಗೂ ನೆನಪಿದೆ, ತೊಡೆಯಲ್ಲಲ್ಲ, ಅಂಗೈಯಲ್ಲಿ. ಆದರೆ ಆ ಚೂರಿ ನನ್ನದಾಗಿರಲಿಲ್ಲ.

ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ಅಮ್ಮ, ನಾನು, ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಹರೀಶ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ರಾಶಿ ಹಾಕಿ, ಬಿಸಿಲೇರುವುದರೊಳಗೆ ಕಟ್ಟಿ ಮುಗಿಸಬೇಕು. ಒಣಗಿದ ಬಾಳೆನಾರನ್ನು ನೀರಿನಲ್ಲಿ ನೆನೆಸಿ ದಾರದಷ್ಟು ಸಪೂರ ಸೀಳುವುದು ನನ್ನ ಕೆಲಸ. ಮನೆಯಲ್ಲಿದ್ದದ್ದು ಕಾಲಿನಲ್ಲಿ ಮೆಟ್ಟಿ ಹಿಡಿಯುವ ಒಂದು ಮೆಟ್ಟುಕತ್ತಿ, ಅದು ಮೀನಿಗೆ. ಹಾಗಾಗಿ ನಾನು ಹಲ್ಲಿನಲ್ಲೇ ಕಚ್ಚಿ ಸೀಳುತ್ತಿದ್ದೆ. ಬೇಸಿಗೆ ಮುಗಿಯುವಾಗ ಬಾಯಿಯ ಎರಡು ಮೂಲೆಗಳೂ ಒಡೆದು, ಸಾರಿನ ಖಾರ ತಾಗಿದರೆ ಉರಿಯುತ್ತಿತ್ತು. ನನಗೊಂದು ಚೂರಿ ಬೇಕೆಂದು ಯಾರಿಗೂ ತೋಚಲಿಲ್ಲ. ನಾನೂ ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಕಿಸೆಯೇ ಇರಲಿಲ್ಲ.

ಚೂರಿ ಬಂದದ್ದು ಹರೀಶನಿಗೆ. ತರುವ ಮಾತು ಕೊಟ್ಟವರು ಶೀನ ಮಾವ. ಅಮ್ಮನ ಒಬ್ಬನೇ ತಮ್ಮ, ಕಾರ್ಕಳದಿಂದ ಪಡುಬಿದ್ರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್. ನಮ್ಮಲ್ಲಿ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅವರು ಬಂದರೆ ಖಾಕಿ ಅಂಗಿಯ ಡೀಸೆಲ್ ವಾಸನೆಯ ಜೊತೆಗೆ ಬನ್ಸಿನ ಕಟ್ಟೂ ಬರುತ್ತಿತ್ತು.

ಆ ವರ್ಷ ದೊಡ್ಡ ರಜೆಯಲ್ಲಿ ನಮ್ಮಿಬ್ಬರನ್ನೂ ಕಾರ್ಕಳಕ್ಕೆ ಕರೆದುಕೊಂಡು ಹೋದರು. ನಾನು ಪೌಡರ್ ಹಾಕಿ ಹೊರಟದ್ದನ್ನು ನೋಡಿ, "ಎಂತ ಸರೋಜ, ಚೂರಿ ನೋಡಲಿಕ್ಕೆ ಹೋಗುವುದಾ, ತಮ್ಮನಿಗೆ ಹೆಣ್ಣು ನೋಡಲಿಕ್ಕಾ?" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಒಳಗೆ ತುಕ್ಕು, ಹಗ್ಗ, ಸೀಮೆಎಣ್ಣೆಯ ವಾಸನೆ. ಅಂಗಡಿಯ ಕಾಕ ಒಂದು ತಗಡಿನ ಡಬ್ಬಿಯನ್ನು ಮಣೆಯ ಮೇಲೆ ಮಗುಚಿದರು. ಮಾವ ಒಂದೊಂದೇ ಚೂರಿ ತೆರೆದು, ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನೋಡು ಹರೀಶ, ಬೆನ್ನು ಒತ್ತಿದರೆ ಮಡಚಿ ಬರುವುದು ಚೂರಿ ಅಲ್ಲ, ಇಲಿಬೋನು. ಕೆಲಸ ಮಾಡುತ್ತಾ ಇರುವಾಗ ಬೆರಳು ಹಿಡಿಯುತ್ತದೆ."

ಕೊನೆಗೆ ಕಪ್ಪು ಮರದ ಹಿಡಿಯದ್ದೊಂದನ್ನು ಎತ್ತಿದರು. ತೆರೆಯಲು ಅವರಿಗೇ ಉಗುರು ಬಗ್ಗುವಷ್ಟು ಬಿಗಿ. "ಇದೇ. ಈಗ ಅವನಿಗೆ ಆಗುವುದಿಲ್ಲ. ಕೈ ಗಟ್ಟಿಯಾಗುವವರೆಗೆ ದೊಡ್ಡವರಲ್ಲಿ ಹೇಳಿ ತೆರೆಸಿಕೊಳ್ಳಲಿ. ಅದೂ ಒಳ್ಳೆಯದೇ."

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನು. ಮಾವ ಕ್ರಯ ಕೊಟ್ಟು, "ಸರೋಜ, ಕಟ್ಟಿಸಿಕೊಂಡು ಬೇಗ ಬಾ" ಎಂದು ಓಡಿದರು.

ನಾನು ಕಪ್ಪು ಚೂರಿಯನ್ನು ತೆರೆಯಲು ನೋಡಿದೆ. ದಿನವೂ ನಾರಿನ ನೀರಿನಲ್ಲಿ ನೆನೆದ ನನ್ನ ಉಗುರು ಮೆತ್ತಗೆ ಮಡಚಿಹೋಯಿತು. ಪಕ್ಕದಲ್ಲಿ ಮೀನಿನ ಆಕಾರದ ಬಿಳಿ ಹಿಡಿಯ ಚೂರಿಯೊಂದಿತ್ತು. ಮುಟ್ಟಿದರೆ ತೆರೆದುಕೊಂಡಿತು.

"ಅಕ್ಕ, ನನಗೆ ಕಪ್ಪೇ ಬೇಕು," ಹರೀಶ ಅಂದ.

"ಸುಮ್ಮನಿರು. ಅದನ್ನು ನಿನ್ನಿಂದ ತೆರೆಯಲಿಕ್ಕೇ ಆಗುವುದಿಲ್ಲ."

ಕಾಕ ನನ್ನ ಮುಖ ನೋಡಿದರು. "ಇದು ಸಡಿಲ ಉಂಟು ಮಗಳೆ. ಮಾವ ಹೇಳಿದ್ದು ಕಪ್ಪು ಅಲ್ವಾ?"

"ಯಾವುದಾದರೂ ಆಗಬಹುದು ಅಂತ ಹೇಳಿದ್ದಾರೆ," ಎಂದೆ. ಎರಡಕ್ಕೂ ಒಂದೇ ಕ್ರಯ. ಅವರು ಬಿಳಿಯದನ್ನು ಪೇಪರಿನಲ್ಲಿ ಸುತ್ತಿ ಹುರಿಹಗ್ಗ ಕಟ್ಟಿಕೊಟ್ಟರು. ಹರೀಶ ಮನೆಯಲ್ಲಿಲ್ಲದಾಗ ಅದು ನನ್ನದೇ ಎಂದು ಆಗಲೇ ನನ್ನ ಮನಸ್ಸು ಲೆಕ್ಕ ಹಾಕಿತ್ತು.

ನಮ್ಮ ಕಡೆ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಆ ಇಬ್ಬರ ನಡುವಿನ ಋಣ ತುಂಡಾಗುತ್ತದೆ, ಕೇಡೂ ಬರುತ್ತದೆ ಎಂದು ನಂಬಿಕೆ. ಕೊಡುವವರು ಕೆಳಗಿಡಬೇಕು, ತೆಗೆದುಕೊಳ್ಳುವವರು ಎತ್ತಿಕೊಳ್ಳಬೇಕು. ಬಸ್ಸು ಹೊರಟ ಮೇಲೆ ಮಾವ ಜನರ ನಡುವೆ ನುಗ್ಗಿಕೊಂಡು ಬಂದು ನನ್ನ ಮಡಿಲಿನಿಂದ ಪೊಟ್ಟಣ ಎತ್ತಿಕೊಂಡರು. ಬಿಚ್ಚಿ ನೋಡಲಿಲ್ಲ. ಹರೀಶನ ಪಕ್ಕದ ಖಾಲಿ ಜಾಗದಲ್ಲಿ, ಸೀಟಿನ ಮೇಲೆ ಮೆಲ್ಲಗೆ ಇಟ್ಟರು.

"ತಗೊ. ಕೈಗೆ ಕೊಡುವುದಿಲ್ಲ ನಾನು. ನನಗೂ ನಿನಗೂ ಜಗಳ ಬೇಡ ಮಾರಾಯ."

ಹರೀಶ ಎತ್ತಿಕೊಂಡ. ಮುಂದಿನ ಸ್ಟಾಪಿನಲ್ಲಿ ಜನ ಹತ್ತಿದ ಮೇಲೆ ಮಾವ ಸೀಟಿ ಊದಿ, ಹೊರಡಲು "ರೈಟ್ ಪೋಯಿ" ಎಂದು ಕೂಗಿದರು.

ಮನೆಯಲ್ಲಿ ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಅವನು ಮಾವಿನಕಾಯಿ ಹೆಚ್ಚುತ್ತಿದ್ದ, ಗೇರುಹಣ್ಣು ಕೊಯ್ಯುತ್ತಿದ್ದ, ಅಂಗಿಯ ತುಂಬ ಅದರ ಕಲೆ. ಅವನು ಆಡಲು ಓಡಿದಾಗ ನಾನು ಅದರಲ್ಲಿ ನಾರು ಸೀಳುತ್ತಿದ್ದೆ. ಬಾಯಿಯ ಮೂಲೆಯ ಹುಣ್ಣು ಒಣಗತೊಡಗಿತು. ಒಂದು ದಿನ ಗಟ್ಟಿ ನಾರಿಗೆ ಒತ್ತಿದಾಗ ಅಲಗು ತಟ್ಟನೆ ಮಡಚಿ ನನ್ನ ಹೆಬ್ಬೆರಳಿನ ಉಗುರನ್ನು ಸವರಿತು. ರಕ್ತ ಬರಲಿಲ್ಲ. ಹೇಳಿದರೆ ಚೂರಿ ಅಟ್ಟ ಸೇರುತ್ತದೆ. ನಾನು ಅಮ್ಮನಿಗೆ ಹೇಳಲಿಲ್ಲ, ಹರೀಶನಿಗೂ ಹೇಳಲಿಲ್ಲ.

ಅವನಿಗೆ ಆದದ್ದು ಬೆಳಗಿನ ಹೊತ್ತು, ನಾವು ಜಗಲಿಯಲ್ಲಿ ಹೂ ಕಟ್ಟುತ್ತಿದ್ದಾಗ. ಗಾಡಿ ಮಾಡಲೆಂದು ತೆಂಗಿನ ಚಿಪ್ಪಿಗೆ ಚೂರಿಯ ತುದಿಯಿಂದ ತೂತು ಕೊರೆಯುತ್ತಿದ್ದ. ಮೈಭಾರ ಹಾಕಿ ಒತ್ತಿದ. ಚಟ್ ಎಂದು ಸದ್ದು. ಬಲಗೈ ಹಿಡಿದುಕೊಂಡು ನನ್ನನ್ನೇ ನೋಡಿದ. ತೋರುಬೆರಳು ಅಲಗಿಗೂ ಹಿಡಿಗೂ ನಡುವೆ ಇತ್ತು.

ಅಮ್ಮ ಕಾಫಿಪುಡಿ ಒತ್ತಿ, ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿದಳು. ಪಕ್ಕದ ಮನೆಯವರ ಸೈಕಲಿನಲ್ಲಿ ಕೂರಿಸಿ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಹೊಲಿಗೆ ಹಾಕಿದ ಡಾಕ್ಟರು ಕೈ ತೊಳೆಯುತ್ತಾ, "ನರ ಕಡಿದಿದೆ, ಈ ಬೆರಳು ಇನ್ನು ಮಡಚುವುದು ಸಂಶಯ" ಎಂದರು. ಕಟ್ಟದೆ ಉಳಿದ ಮೊಗ್ಗೆಲ್ಲ ಜಗಲಿಯಲ್ಲೇ ಅರಳಿ, ಸಂಜೆ ಮನೆಯಿಡೀ ಪರಿಮಳ.

ಹರೀಶ ಜ್ವರದಲ್ಲಿ ಒಳಗೆ ಮಲಗಿದ್ದ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನನ್ನನ್ನು ಕರೆದಳು.

"ಸತ್ಯ ಹೇಳು. ಶೀನ ಅದನ್ನು ಕೆಳಗಿಟ್ಟು ಕೊಟ್ಟನಾ, ಕೈಗೆ ಕೊಟ್ಟನಾ?"

ಅವಳಿಗೆ ತೋಚಿದ್ದು ಅದೊಂದೇ ಕಾರಣ. ಚೂರಿ ಯಾವುದು, ಆರಿಸಿದ್ದು ಯಾರು ಎಂದು ಅವಳು ಕೇಳಲೇ ಇಲ್ಲ. ನನಗೆ ಒಂದು ಬಾಗಿಲು ತೆರೆದ ಹಾಗಾಯಿತು.

"ಕೈಗೆ," ಎಂದೆ.

ಮಾರನೆಯ ದಿನ ಸುದ್ದಿ ಕೇಳಿ ಮಾವ ಓಡಿ ಬಂದರು. ಕೈಯಲ್ಲಿ ಬನ್ಸಿನ ಕಟ್ಟು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇಷ್ಟು ವರ್ಷ ನೋಡಿ ಬೆಳೆದವನು ನೀನು. ಕತ್ತಿ ಕೈಗೆ ಕೊಡಬಾರದು ಅಂತ ನಿನಗೆ ಗೊತ್ತಿರಲಿಲ್ಲವಾ ಶೀನ?"

"ಯಾರು ಹೇಳಿದ್ದು ಅಕ್ಕ, ನಾನು ಕೈಗೆ ಕೊಟ್ಟದ್ದು ಅಂತ?"

"ಸರೋಜ ಕಣ್ಣಿನಿಂದ ನೋಡಿದ್ದಾಳೆ."

ಚೂರಿ ಜಗಲಿಯ ದಂಡೆಯ ಮೇಲೆ ಹಾಗೇ ಬಿದ್ದಿತ್ತು. ಮಾವನ ಕಣ್ಣು ಅದರ ಮೇಲೆ ಹೋಯಿತು. ಎತ್ತಿಕೊಂಡರು. ಬಿಳಿ ಹಿಡಿಯನ್ನು ತಿರುಗಿಸಿ ನೋಡಿದರು. ಅಲಗು ತೆರೆದು, ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಸುಮ್ಮನೆ ಮಡಚಿ ಬಂತು. ಆಮೇಲೆ ನನ್ನನ್ನು ನೋಡಿದರು. ಅವರು ಬಾಯಿ ತೆರೆದರು. ನಾನು ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹೌದು ಅಕ್ಕ," ಎಂದರು ಮಾವ. "ಕೈಗೇ ಕೊಟ್ಟೆ. ಬಸ್ಸಿನ ಗಡಿಬಿಡಿಯಲ್ಲಿ ಮರೆತುಹೋಯಿತು."

"ಇನ್ನು ನನ್ನ ಮಕ್ಕಳಿಗೆ ನೀನು ಎಂತದೂ ಕೊಡಬೇಡ."

ಮಾವ ಬನ್ಸಿನ ಕಟ್ಟನ್ನು ದಂಡೆಯ ಮೇಲಿಟ್ಟರು. ಚೂರಿಯನ್ನು ತಮ್ಮ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದರು. ನಾನು ಓಡಿ ಹೋಗಬಹುದಿತ್ತು. ಗದ್ದೆಯ ಬದುವಿನ ಕೊನೆಯವರೆಗೂ ಅವರ ಖಾಕಿ ಬೆನ್ನು ಕಾಣುತ್ತಿತ್ತು.

ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ಬಸ್ಸಿನಲ್ಲಿ ಸಿಕ್ಕರೆ ನಮಗೆ ಟಿಕೇಟು ಹರಿಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ನನ್ನ ಮದುವೆಗೆ ಬಂದವರು ಚಪ್ಪರದ ಕೊನೆಯ ಕಂಬದ ಹತ್ತಿರ ನಿಂತು, ಊಟ ಮಾಡದೆ ಹೋದರು. ಅಮ್ಮನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಮೊದಲು ಮಾವ ಹೋದರು, ಆಮೇಲೆ ಅಮ್ಮ. ಅದಕ್ಕಿಂತ ಕೆಟ್ಟದೊಂದು ನಡೆಯಿತು. ಮನೆಯಲ್ಲಿ ಯಾರಾದರೂ ಕತ್ತಿಯನ್ನು ಕೈಗೆ ಚಾಚಿದರೆ ಅಮ್ಮ, "ಶೀನನ ಹಾಗೆ ಮಾಡಬೇಡಿ" ಎನ್ನುತ್ತಿದ್ದಳು. ಆ ಮಾತು ಮನೆಯಲ್ಲಿ ಗಾದೆಯಾಯಿತು. ಮಾವನ ಮುಖವನ್ನೇ ನೋಡದ ಮಕ್ಕಳು ಮೊಮ್ಮಕ್ಕಳೂ ಅದನ್ನು ಹೇಳಿಕೊಂಡು ಬೆಳೆದರು.

ಮೊನ್ನೆ ಮೊನ್ನೆ ಹರೀಶನ ಮನೆಗೆ ಹೋಗಿದ್ದೆ. ಅವನು ಮಾವಿನಹಣ್ಣು ಕೊಯ್ಯುತ್ತಿದ್ದ, ಆ ಬೆರಳು ಎಂದಿನಂತೆ ಚೂರಿಯ ಹಿಡಿಯ ಆಚೆ ನೆಟ್ಟಗೆ ನಿಂತಿತ್ತು. ನಾನು ಏನೋ ಯೋಚನೆಯಲ್ಲಿ ಇನ್ನೊಂದು ಚೂರಿಯನ್ನು ಅವನ ಮೊಮ್ಮಗಳ ಕೈಗೆ ಚಾಚಿದೆ. ಅವಳು ಕೈ ಹಿಂದಕ್ಕೆಳೆದು, "ಅಜ್ಜಿ, ಶೀನನ ಹಾಗೆ ಕೊಡಬೇಡಿ" ಎಂದಳು.

ಹರೀಶ ತಲೆ ಎತ್ತಲಿಲ್ಲ. "ಅವರು ಕೆಳಗೇ ಇಟ್ಟಿದ್ದರು ಮಗಾ," ಎಂದ. "ಬಸ್ಸಿನ ಸೀಟಿನ ಮೇಲೆ. ನಾನೇ ಎತ್ತಿಕೊಂಡದ್ದು."

ಇಷ್ಟು ವರ್ಷ ಅವನೂ ಅದನ್ನು ಬಾಯೊಳಗೇ ಇಟ್ಟುಕೊಂಡಿದ್ದ. ಆ ದಿನ ಜ್ವರದಲ್ಲಿ ಮಲಗಿದ್ದವನಿಗೆ ಬಾಗಿಲ ಮಾತೆಲ್ಲ ಕೇಳಿಸಿತ್ತು.

"ಮತ್ತೆ ಹಾಗೆ ಹೇಳಿದ್ದು ಯಾರು?" ಹುಡುಗಿ ಕೇಳಿದಳು.

"ನಾನು," ಎಂದೆ. "ಸುಳ್ಳು ಹೇಳಿದ್ದು ನಾನು."

ಅವಳು ನಮ್ಮಿಬ್ಬರನ್ನೂ ನೋಡಿದಳು. "ಹಾಗಾದರೆ ಇನ್ನು ಎಂತ ಹೇಳುವುದು?"

"ಎಂತದೂ ಬೇಡ. ಸುಮ್ಮನೆ ಕೆಳಗಿಟ್ಟರೆ ಸಾಕು," ಎಂದ ಹರೀಶ.

ಈಗ ಪೇಟೆಯಲ್ಲಿ ಎಂಥ ಚೂರಿ ಬೇಕಾದರೂ ಸಿಗುತ್ತದೆ, ಬೆನ್ನು ಒತ್ತಿ ನೋಡಿ ಆರಿಸುವವರು ಕಡಿಮೆ. ನಾನು ಮಾತ್ರ ಯಾವ ಚೂರಿ ಕಂಡರೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಅದು ಬಗ್ಗದೆ ನಿಂತಾಗ, ಹೌದೆಂದು ತಲೆಯಾಡಿಸಲು ಪಕ್ಕದಲ್ಲಿ ಖಾಕಿ ಅಂಗಿಯವರು ಯಾರೂ ಇರುವುದಿಲ್ಲ.