ನಾನು ಹಾಕಿದ ಬೈಯರ್ ಮೇಡಂ ವೇಷ

ಯಾರದೇ ದನಿಯಾಗಲಿ, ಎರಡು ನಿಮಿಷ ಕಿವಿಗೆ ಬಿದ್ದರೆ ಸಾಕು, ಮೂರನೆಯ ನಿಮಿಷಕ್ಕೆ ನಾನು ಅವರಾಗಿಬಿಡುತ್ತೇನೆ. ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಮನೆ ಓನರ್ ಕೆಮ್ಮುವುದು, ಸೊಪ್ಪಿನ ಆಂಟಿ ಕೂಗುವುದು, ಕನ್ನಡಿ ಮುಂದೆ ನಾನು ಹೀರೋ ಆಗುವುದು, ಎಲ್ಲವನ್ನೂ ಮಾಡಿ ತೋರಿಸಿದ್ದೇನೆ. ಒಂದು ವೇಷವನ್ನು ಮಾತ್ರ ಈಗ ಯಾರು ಕೇಳಿದರೂ ಹಾಕುವುದಿಲ್ಲ.

ಅಮ್ಮ ಕೆಂಗೇರಿಯ ಆಚೆ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಕೂರಿಸುತ್ತಿದ್ದಳು. ಪಿಯುಸಿಯಲ್ಲಿ ಡುಮ್ಕಿ ಹೊಡೆದ ಮೇಲೆ ನಾನೂ ಅಲ್ಲೇ ಪ್ಯಾಕಿಂಗ್‌ಗೆ ಸೇರಿದೆ. ಅಲ್ಲಿ ಹೊಲಿದ ಶರ್ಟೆಲ್ಲ ಹಡಗು ಹತ್ತಿ ಹೋಗುತ್ತಿತ್ತು. ಹೀಗಾಗಿ ನಮ್ಮ ಬೀದಿಯ ಪಂಚಾಂಗವೇ ಬೇರೆ. ಯಾವುದೋ ದೇಶದವರ ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಗೌರಿ ಹಬ್ಬಕ್ಕೇ ಓವರ್‌ಟೈಂ. "ಶಿಪ್‌ಮೆಂಟ್ ಮುಗೀತಾ?" ಎಂದು ಸೊಪ್ಪಿನ ಆಂಟಿಯೂ ಕೇಳುತ್ತಿದ್ದಳು. ಮುಗಿಯುವ ತನಕ ಯಾರ ಮನೆಯಲ್ಲೂ ಸೊಪ್ಪು ಬಿಡಿಸುವವರಿಲ್ಲ ಎಂದು ಅವಳಿಗೆ ಗೊತ್ತು. ಅರ್ಧ ಬೀದಿಯ ಬಾಡಿಗೆ ಕಟ್ಟುತ್ತಿದ್ದುದು ಆ ಹಡಗುಗಳೇ.

ವರ್ಷಕ್ಕೊಮ್ಮೆ ಶರ್ಟು ಕೊಳ್ಳುವ ಬೈಯರ್ ಕಡೆಯಿಂದ ಯಾರಾದರೂ ಬಂದು, ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದು ಕೆಲಸಗಾರರನ್ನೇ ಕೇಳುತ್ತಿದ್ದರು. ಅದಕ್ಕೆ ಆಡಿಟ್ ಎಂದು ಹೆಸರು. ಅದಕ್ಕೂ ಒಂದು ವಾರ ಮುಂಚೆ ನಮಗೆ ರಿಹರ್ಸಲ್. ಎಚ್.ಆರ್. ಸಾರ್ ನನ್ನ ಮಿಮಿಕ್ರಿ ನೋಡಿದ್ದರು.

"ಬಾರೋ ಇಲ್ಲಿ, ನೀನೇ ಬೈಯರ್ ಮೇಡಂ. ಇವರಿಗೆ ಭಯ ಬಿಡಿಸು. ಫೇಲ್ ಆದ್ರೆ ಆರ್ಡರ್ ಬಾಂಗ್ಲಾದೇಶಕ್ಕೆ ಹೋಗುತ್ತೆ, ಗೊತ್ತಲ್ಲ?"

ಯಾರದೋ ದುಪಟ್ಟಾ ಕತ್ತಿಗೆ ಸುತ್ತಿಕೊಂಡು, ಮೂಗು ಮೇಲೆತ್ತಿ ಕ್ಯಾಂಟೀನಿನಲ್ಲಿ ಕೂತೆ. ಒಬ್ಬೊಬ್ಬರಾಗಿ ಬಂದು ಹೇಳಿಕೊಟ್ಟ ಉತ್ತರ ಒಪ್ಪಿಸಿ ಹೋದರು. ಅಮ್ಮನ ಸರದಿ ಬಂತು.

"ನೀರ್ ಕುಡ್ಯೋಕೆ, ಬಾತ್‌ರೂಮ್ ಹೋಗೋಕೆ ಬಿಡ್ತಾರಾ, ಅಮ್ಮಾ?"

"ಕುಡುದ್ರೆ ತಾನೇ ಹೋಗೋದು?" ಎಂದಳು ಅಮ್ಮ. "ಎದ್ರೆ ಸೂಪರ್‌ವೈಸರ್ ಬಾಯಿಗ್ ಬಂದಂಗೆ ಬಯ್ತಾನೆ. ನಾನು ನೀರಿನ ಬಾಟ್ಲು ತರೋದೇ ಬಿಟ್ಟಿದೀನಿ."

ಎಚ್.ಆರ್. ಸಾರ್ ನನ್ನ ಮುಖ ನೋಡಿದರು. ಆಗ ನಾನು ಎದ್ದು ನಿಂತು ಅಮ್ಮನನ್ನು ಮಾಡಿ ತೋರಿಸಿದೆ. ಸಂಜೆ ಬಸ್ಸಿಳಿದು, ನೆರಿಗೆ ಒತ್ತಿ ಹಿಡಿದು, ಚಪ್ಪಲಿಯನ್ನೂ ಬಿಡದೆ, ಓರೆಯಾಗಿ ಬಚ್ಚಲಿಗೆ ಓಡುವ ಅಮ್ಮ. "ಬಿಡ್ರೋ ದಾರಿ, ಬಿಡ್ರೋ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ಅದು ನಾನು ಮನೆಯಲ್ಲಿ ದಿನಾ ನೋಡಿ ಕಲಿತ ನಡಿಗೆ. ಬಚ್ಚಲಿನಿಂದ ಬರುವಾಗ ಅವಳು ಉರಿ ತಾಳಲಾರದೆ ಗೋಡೆ ಹಿಡಿದು ನಿಲ್ಲುವುದನ್ನೂ ನೋಡಿದ್ದೆ. ಅಷ್ಟನ್ನು ಮಾತ್ರ ಮಾಡಿ ತೋರಿಸಲಿಲ್ಲ.

ಆಮೇಲೆ ಸರಿಯಾದ ಉತ್ತರವನ್ನು ಅವಳಿಂದ ಮೂರು ಸಲ ಹೇಳಿಸಿದೆ. "ಬೇಕಾದಷ್ಟು ಕುಡೀತೀವಿ ಮೇಡಂ, ಯಾರೂ ಏನೂ ಅನ್ನಲ್ಲ."

ನಿಜವಾದ ಮೇಡಂ ಫಾರಿನ್ನಿನವರೇ ಆಗಿರಲಿಲ್ಲ. ಕಾಟನ್ ಸೀರೆಯುಟ್ಟ, ನಮ್ಮ ಹಾಗೇ ಕನ್ನಡ ಮಾತಾಡುವ ಹೆಂಗಸು. ಬಾಗಿಲು ಹಾಕಿಕೊಂಡು, ಹೆಸರು ಬರೆದುಕೊಳ್ಳದೆ ಕೇಳಿದರಂತೆ. ಅಮ್ಮ ಹೊರಗೆ ಬಂದು ನನ್ನ ಹತ್ತಿರ ನಿಂತಳು.

"ಪಾಪ, ಎರಡು ಸಲ ಕೇಳಿದ್ರು ಕಣೋ. ನೀನು ಹೇಳ್ಕೊಟ್ಟಂಗೇ ಹೇಳ್ದೆ. ಸರಿಹೋಯ್ತಾ?"

"ಸೂಪರ್ ಕಣಮ್ಮ," ಎಂದೆ. ಪಾಸಾಯಿತು, ಎಲ್ಲರಿಗೂ ಲಾಡು ಬಂತು. ಅವತ್ತು ನನಗೆ ನಾಚಿಕೆಯಾಗಲಿಲ್ಲ. ಬೀದಿಯನ್ನೇ ಉಳಿಸಿದವನ ಹಾಗೆ ಎರಡು ಲಾಡು ತಿಂದೆ.

ಎರಡು ವರ್ಷ ಕಳೆದ ಮೇಲೆ ಆರ್ಡರ್ ಹೋಗಿಯೇ ಹೋಯಿತು. ಇನ್ನೂ ಅಗ್ಗಕ್ಕೆ ಹೊಲಿಯುವ ದೇಶ ಸಿಕ್ಕಿತಂತೆ. ನಮ್ಮ ಉತ್ತರಗಳು ಸರಿ ಇದ್ದವೋ ತಪ್ಪಿದ್ದವೋ ಯಾರೂ ಕೇಳಲಿಲ್ಲ. ಫ್ಯಾಕ್ಟರಿ ಮುಚ್ಚಿತು. ಆ ಕಟ್ಟಡ ಈಗ ಆನ್‌ಲೈನ್ ಪಾರ್ಸೆಲ್ಲುಗಳ ಗೋಡೌನು. ದಿನಾ ಬೆಳಗ್ಗೆ ನಾನು ಅಲ್ಲಿಂದಲೇ ಗಾಡಿಗೆ ಪಾರ್ಸೆಲ್ ತುಂಬಿಕೊಂಡು ಹೊರಡುತ್ತೇನೆ. ಅರ್ಧಕ್ಕರ್ಧ ಹಡಗಿನಲ್ಲಿ ಬಂದ ಮಾಲು. ಅಮ್ಮ ಮನೆಯಲ್ಲೇ ಸೀರೆಗಳಿಗೆ ಫಾಲ್ ಹಾಕುತ್ತಾಳೆ. ಬಚ್ಚಲು ಹತ್ತೇ ಹೆಜ್ಜೆ. ಆದರೂ ಹಿಡಿದ ಸೀರೆ ಮುಗಿಯುವ ತನಕ ನೀರು ಮುಟ್ಟುವುದಿಲ್ಲ, ಏಳುವುದೂ ಇಲ್ಲ.

ಕಳೆದ ತಿಂಗಳು ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಬಸವೇಶ್ವರನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕಿಡ್ನಿಯಲ್ಲಿ ಕಲ್ಲಿರಬಹುದು ಎಂದರು ಡಾಕ್ಟರಮ್ಮ.

"ದಿನಾ ನೀರು ಎಷ್ಟು ಕುಡೀತೀರಮ್ಮ?"

"ಬೇಕಾದಷ್ಟು ಕುಡೀತೀವಿ ಮೇಡಂ, ಯಾರೂ ಏನೂ ಅನ್ನಲ್ಲ."

ಡಾಕ್ಟರ ಪೆನ್ನು ನಿಂತಿತು. "ಯಾರು ಏನನ್ಬೇಕು?"

ಅಮ್ಮ ನನ್ನ ಕಡೆ ನೋಡಿದಳು, ತಪ್ಪಾಯಿತಾ ಎನ್ನುವ ಹಾಗೆ.

"ಕುಡಿಯಲ್ಲ ಮೇಡಂ, ಸುಳ್ಳು," ಎಂದೆ. "ಅದು ನಾನು ಹೇಳ್ಕೊಟ್ಟಿದ್ದು."

"ನೀನಾ? ಯಾಕಪ್ಪ?"

ಬಾಯಿ ತೆರೆದೆ. ಆರ್ಡರ್, ಬಾಂಗ್ಲಾದೇಶ, ಎಚ್.ಆರ್. ಸಾರ್, ಎಲ್ಲ ನಾಲಗೆಯ ತುದಿಗೆ ಬಂದವು. ಅಮ್ಮ ನನ್ನ ಮೊಣಕೈ ಚಿವುಟಿದಳು. "ಹುಡುಗಾಟ ಜಾಸ್ತಿ ಮೇಡಂ ಇವನಿಗೆ, ಬಿಡಿ."

ಸ್ಕ್ಯಾನಿಂಗಿಗೆ ಕಳಿಸಿದರು. ಅಲ್ಲಿನ ನರ್ಸು ಅಮ್ಮನ ಕೈಗೆ ಒಂದು ಲೀಟರ್ ಬಾಟಲಿ ಕೊಟ್ಟು, "ಪೂರ್ತಿ ಕುಡೀರಿ ಅಮ್ಮ. ಅರ್ಜೆಂಟಾದ್ರೂ ಕರೆಯೋ ತನಕ ತಡ್ಕೊಂಡಿರ್ಬೇಕು, ಆಗುತ್ತಾ?" ಎಂದಳು.

"ತಡ್ಕೊಳ್ಳೋದಾ?" ಎಂದು ಅಮ್ಮ ನಕ್ಕಳು. "ಅದ್ರಲ್ಲಿ ನಾನು ಪಾಸು ಕಣಮ್ಮ."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನು ಬಾಟಲಿಯ ಮುಚ್ಚಳ ಹಿಡಿದುಕೊಂಡು ನೆಲ ನೋಡುತ್ತ ಕೂತೆ.