ರಾಣಿಯ ತಲೆಯ ಮೇಲಿನ ಮೀನುಬುಟ್ಟಿ

ಯಕ್ಷಗಾನದಲ್ಲಿ ಮದ್ದಳೆ ಬಾರಿಸುವವನ ಪಾಲಿಗೆ ಬರುವುದು ವೇಷದ ಬೆನ್ನು. ಮುಖವೆಲ್ಲ ಎದುರು ಕುರ್ಚಿಯಲ್ಲಿ ಕೂತವರಿಗೆ. ಭಾಗವತರ ಪದಕ್ಕೆ ವೇಷ ಆಗಾಗ ನಮ್ಮತ್ತ ತಿರುಗುವುದುಂಟು. ಆದರೆ ಆಗ ನನ್ನ ಕಣ್ಣು ಅದರ ಕಾಲಿನ ಮೇಲಿರುತ್ತದೆ. ಹೆಜ್ಜೆ ತಪ್ಪಿದರೆ ಬೈಸಿಕೊಳ್ಳುವವನು ನಾನು ತಾನೆ? ಹಾಗಾಗಿ ನಮ್ಮ ಮೇಳದ ಸ್ತ್ರೀವೇಷಧಾರಿ ಗಂಗೊಳ್ಳಿಯ ಸೋಮನನ್ನು ನಾನು ಬಲ್ಲೆ ಎಂದರೆ ಬೆನ್ನಿನ ಕಡೆಯಿಂದ ಬಲ್ಲೆ ಎಂದೇ ತಿಳಿಯಬೇಕು. ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ಸಾಕು ವಾಂತಿ ಮಾಡುತ್ತಿದ್ದ ಪುಣ್ಯಾತ್ಮ. ಅದಕ್ಕೇ ಮೇಳ ಸೇರಿದ್ದು.

ಅವನ ರಾಣಿ ಬೇರೆಯವರ ರಾಣಿಯಂತಲ್ಲ. ಕುತ್ತಿಗೆ ನೆಟ್ಟಗೆ, ನಡೆಯೆಲ್ಲ ಸೊಂಟದಿಂದ ಕೆಳಗೆ. ನಡುನಡುವೆ ಎಡಗೈ ಏನನ್ನೋ ಹಿಡಿಯುವಂತೆ ಕಿವಿಯ ತನಕ ಏರಿ ಇಳಿಯುತ್ತಿತ್ತು. ಮೊದಮೊದಲು ಮೇಳದ ಹಿರಿಯರು ನಕ್ಕಿದ್ದರು. ರಾಣಿ ಬಂದಳೋ, ಮೀನು ಮಾರುವವಳು ಬಂದಳೋ ಎಂದು ಕೇಳಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೋಮನ ಹೆಂಡತಿ ವನಜ ಗಂಗೊಳ್ಳಿ ಬಂದರಿನಿಂದ ಬುಟ್ಟಿ ಹೊತ್ತು ವಂಡ್ಸೆಯ ತನಕ ಮನೆಮನೆಗೆ ಮೀನು ಮಾರುತ್ತಿದ್ದವಳು. ಮಳೆಗಾಲದಲ್ಲಿ ಮೇಳಕ್ಕೆ ರಜೆ ಇದ್ದಾಗ ಅದೇ ಬುಟ್ಟಿಯನ್ನು ಗಂಡನ ತಲೆಗೇರಿಸಿ ಜಗಲಿಯ ಮೇಲೆ ನಡೆಸುತ್ತಿದ್ದಳು. ಒಮ್ಮೆ ನಾನೇ ಕಣ್ಣಾರೆ ಕಂಡಿದ್ದೇನೆ.

"ಕುತ್ಗಿ ಬಗ್ಸ್‌ಬೇಡಿ! ಬುಟ್ಟಿ ಬಿತ್ತ್! ರಾಣಿ ಅಂಬ್ರ್, ಹೆಂಡ ಕುಡ್ದವ್ರ್ ಕಣಂಗೆ ನಡೀತ್ರಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆದರೆ ರಂಗಸ್ಥಳದಲ್ಲಿ ಅದೇ ನಡಿಗೆ ಕಂಡರೆ ಮುಂದೆ ಕೂತ ಹೆಂಗಸರು ಮಾತು ನಿಲ್ಲಿಸಿಬಿಡುತ್ತಿದ್ದರು.

ಆಚೆ ವರ್ಷದ ಮಳೆಗಾಲದಲ್ಲಿ ವನಜ ಕಾಮಾಲೆಯಾಗಿ ತೀರಿಕೊಂಡಳು. ಅವಳ ತಾಯಿ ಹರಿಣಾಕ್ಷಿ ಆಗ ಮುಂಬಯಿಯಲ್ಲಿ ಮಗನ ಮನೆಯಲ್ಲಿದ್ದರು. ಹಳಿಯ ಮೇಲೆ ಗುಡ್ಡ ಜರಿದು ರೈಲು ನಿಂತಿತ್ತು. ಅವರು ಬಂದು ಮುಟ್ಟುವಾಗ ಬೂದಿಯೂ ಹೊಳೆ ಸೇರಿಯಾಗಿತ್ತು. ಮಗಳ ಮುಖವನ್ನು ಅವರು ಕೊನೆಗೂ ಕಾಣಲಿಲ್ಲ.

ಮಳೆಗಾಲ ಕಳೆದು ಮೇಳದ ತಿರುಗಾಟ ಶುರುವಾದದ್ದೇ ಅವರು ಆಟಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು. ವೇಷದ ಮುಖ ಕಾಣದಿದ್ದರೂ ನೋಡುವವರ ಮುಖ ನನಗೆ ಚೆನ್ನಾಗಿ ಕಾಣುತ್ತದೆ. ಸೋಮನ ರಾಣಿ ಪ್ರವೇಶವಾದಾಗ ಹರಿಣಾಕ್ಷಿ ಎದ್ದು ನಿಂತರು. ಬಸ್ಸಿನಿಂದ ಇಳಿಯುವ ಮನೆಯವರನ್ನು ನೋಡುವಂತೆ ನೋಡಿದರು. ರಾಣಿ ಒಳಗೆ ಹೋದದ್ದೇ ತಾವೂ ಹೊರಟುಹೋದರು. ಆಮೇಲೆ ಹತ್ತಿರದಲ್ಲಿ ಎಲ್ಲಿ ಆಟವಾದರೂ ಹೀಗೆಯೇ. ಯಾರೋ ಕೇಳಿದ್ದಕ್ಕೆ, "ಮಗ್ಳನ್ ಕಾಂಬುಕೆ ಬಂದಿದ್ದೆ" ಎಂದರಂತೆ, ಸಂತೆಗೆ ಬಂದಿದ್ದೇನೆ ಅನ್ನುವಷ್ಟು ಸಲೀಸಾಗಿ.

ತಪ್ಪೆಲ್ಲ ಬೆಳಕಿನದ್ದು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಅಪ್ಪನ ಕಾಲಕ್ಕೆ ದೀವಟಿಗೆಯ ಬೆಳಕಿನಲ್ಲಿ ಆಟ. ಅರದಳದ ಹಳದಿ ಬಳಿದ ಮುಖ ಅರ್ಧ ಕಂಡರೆ ಅರ್ಧ ಕತ್ತಲು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳಬೇಕಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು. ಈಗಂತೂ ಕೆಂಪು ನೀಲಿ ಬಣ್ಣದ ದೀಪಗಳು, ಸಾಲದ್ದಕ್ಕೆ ಹೊಗೆ ಉಗುಳುವ ಒಂದು ಯಂತ್ರ. ಮದುವೆ ಹಾಲ್ ಎಂದುಕೊಳ್ಳಬೇಕು! ಇಷ್ಟೊಂದು ಬೆಳಕಿನಲ್ಲಿ ಸೋಮನ ಗಂಟಲಿನ ಉಬ್ಬು ಕೂಡ ಕಾಣುವಾಗ, ಆ ತಾಯಿಗೆ ಮಗಳು ಹೇಗೆ ಕಾಣುತ್ತಾಳೆ?

ನಮ್ಮ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಬಿಡಾರದಲ್ಲಿ, ಒಂದು ಕ್ರಮವುಂಟು. ಮುಖವರ್ಣಿಕೆ ಮುಗಿದು ಹಣೆಗೆ ಬೊಟ್ಟು ಬಿದ್ದಮೇಲೆ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವಂತಿಲ್ಲ, ವೇಷದ ಹೆಸರಿನಿಂದಲೇ ಕರೆಯಬೇಕು. ಕಿರಿಮಂಜೇಶ್ವರದ ಆಟದ ದಿನ ಹರಿಣಾಕ್ಷಿ ಚೌಕಿಯ ಬಾಗಿಲಿಗೇ ಬಂದು ನಿಂತರು. ನನಗೆ ಮೊದಲೇ ತಾಳ್ಮೆ ಕಡಿಮೆ. ಈ ಭ್ರಮೆಯನ್ನು ಇಲ್ಲಿಗೇ ಮುರಿಯಬೇಕೆಂದು ಕ್ರಮ ಗಿಮ ಎಲ್ಲ ಬಿಟ್ಟು ಕೂಗಿದೆ.

"ಹ್ವಾಯ್ ಸೋಮ! ನಿನ್ ಅತ್ತೆ ಬಂದಿರ್ ಕಾಣ್!"

ಸೋಮ ತಿರುಗಲಿಲ್ಲ. ನನಗೆ ಬೆನ್ನು ಹಾಕಿ ಬಳೆ ತೊಡುತ್ತಲೇ ಇದ್ದ. ಇನ್ನೊಮ್ಮೆ ಕೂಗಿದೆ. ಊಹೂಂ.

ಬಾಗಿಲಿನಿಂದ ಮೆಲ್ಲಗೆ, "ವನಜಾ" ಎಂದು ಕೇಳಿತು.

ಅವನು ತಿರುಗಿದ. "ಎಂತ ಅಮ್ಮ?"

ಅದು ಅವನು ರಂಗಸ್ಥಳದಲ್ಲಿ ಆಡುವ ಹೆಣ್ಣುದನಿಯಲ್ಲ. ಅದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಇದು ಜಗಲಿಯ ಮೇಲೆ ಕೇಳಿದ್ದ ವನಜಳ ದನಿ. ಚೌಕಿಯಲ್ಲಿ ಗೆಜ್ಜೆ ಕಟ್ಟುತ್ತಿದ್ದವರ ಕೈ ನಿಂತಿತು.

"ಉಂಡ್ಯಾ ಮಗಾ?"

"ಉಂಡೆ ಅಮ್ಮ. ನೀ ಕೂಕೋ, ಹೋಗ್."

ಮರುದಿನ ಚಾದಂಗಡಿಯಲ್ಲಿ ಸೋಮ ನನ್ನ ಪಕ್ಕ ಬಂದು ಕೂತ. ಮುಖ ಇಳಿದುಹೋಗಿತ್ತು.

"ಸುಬ್ರಾಯ್ರೆ, ನಾನ್ ವೇಷ ಬಿಡ್ತೆ."

"ಎಂತಕೆ ಮಾರಾಯ?"

"ಅವ್ಳ್ ಹೋದ ಮೇಲೆ ನಂಗೆ ಒಂದ್ ಹನಿ ಕಣ್ಣೀರ್ ಬರ್ಲಿಲ್ಲ. ದಿನಾ ನಾನೇ ಅವ್ಳಾದ್ರೆ, ಅವ್ಳಿಗೆ ಅಳೂಕೆ ಯಾರಿದ್ರ್?"

ಸುದ್ದಿ ಹರಿಣಾಕ್ಷಿಯ ಕಿವಿಗೂ ಬಿತ್ತು. ಅವರು ಅಳಿಯನ ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ನೀವ್ ವೇಷ ಬಿಟ್ರೆ ನನ್ ಮಗ್ಳ್ ಎಲ್ಲ್ ಇಪ್ದ್?" ಸೋಮ ಆ ತಿರುಗಾಟ ಮುಗಿಯುವ ತನಕ ಹಲ್ಲು ಕಚ್ಚಿ ಕುಣಿದ. ಬಿಟ್ಟರೆ ಆ ತಾಯಿಗೆ ಮಗಳು ಎರಡನೇ ಸಲ ಸಾಯುತ್ತಾಳೆ. ಬಿಡದಿದ್ದರೆ ಇವನಿಗೆ ಹೆಂಡತಿ ಸಾಯುವುದೇ ಇಲ್ಲ.

ಕೊನೆಯ ಆಟ ಗಂಗೊಳ್ಳಿಯಲ್ಲೇ, ಶಾಲೆಯ ಮೈದಾನದಲ್ಲಿ. ಮಧ್ಯಾಹ್ನದ ಮೇಲೆ ಶುರುವಾಗುವ ಕಾಲಮಿತಿಯ ಆಟ. ರಾಣಿಯ ಪಾತ್ರ ಮುಗಿಯುವಾಗ ಮುಸ್ಸಂಜೆ. ನನ್ನ ಪಾಳಿಯೂ ಮುಗಿದಿತ್ತು. ಮದ್ದಳೆಯನ್ನು ಇನ್ನೊಬ್ಬರಿಗೆ ಕೊಟ್ಟು ಹಿಂದೆ ಬಂದೆ. ಸೋಮ ತೆಂಗಿನೆಣ್ಣೆ ಹಚ್ಚಿ ಬಣ್ಣವನ್ನೆಲ್ಲ ಒರೆಸಿ ತೆಗೆದಿದ್ದ. ವೇಷದ ಪೆಟ್ಟಿಗೆಯಿಂದ ವನಜಳ ಬುಟ್ಟಿಯನ್ನೂ, ಬುಟ್ಟಿಯ ಕೆಳಗೆ ತಲೆಗಿಡುವ ಬಟ್ಟೆಯ ಸಿಂಬಿಯನ್ನೂ ಹೊರಗೆ ತೆಗೆದ. ದಿನಾ ಬಣ್ಣಕ್ಕೆ ಕೂರುವ ಮುಂಚೆ ಅದನ್ನು ಹೊತ್ತು ನಾಲ್ಕು ಹೆಜ್ಜೆ ಹಾಕುವುದು ಅವನ ರೂಢಿ. ಅದನ್ನು ಹಿಡಿದುಕೊಂಡು ಹೊರಗೆ ನಿಂತಿದ್ದ ಹರಿಣಾಕ್ಷಿಯ ಎದುರು ಹೋದ.

"ಅತ್ತೆ, ಇದ್ ನೀವೇ ಅವ್ಳಿಗೆ ಕೊಟ್ಟದ್ದಂಬ್ರ್. ಇನ್ನ್ ನನ್ ಹತ್ರ ಬೇಡ. ನಂಗೆ ಆತಿಲ್ಲ ಅತ್ತೆ."

ಅವರು ಅವನ ಮುಖವನ್ನೇ ನೋಡಿದರು. ಎಣ್ಣೆ ಮಿನುಗುವ ಗಂಡಸಿನ ಮುಖ, ಗಲ್ಲದಲ್ಲಿ ಬೆಳ್ಳಗೆ ಚಿಗುರಿದ ಗಡ್ಡ. ಅಲ್ಲಿ ಏನೋ ಹುಡುಕಿದರು, ಸಿಗಲಿಲ್ಲ. ಸಿಂಬಿಯನ್ನು ತಲೆಗಿಟ್ಟು, ಬುಟ್ಟಿಯನ್ನು ಮೇಲಿಟ್ಟುಕೊಂಡರು. ಆ ಮನೆಯ ಹೆಂಗಸರು ಖಾಲಿ ಬುಟ್ಟಿಯನ್ನೂ ಕೈಯಲ್ಲಿ ಹಿಡಿದು ನಡೆಯುವುದಿಲ್ಲ. ಮೈದಾನ ದಾಟಿ ರಸ್ತೆಯ ಕಡೆ ಹೊರಟರು.

ನನಗೆ ಗೊತ್ತಿಲ್ಲದೆ ನನ್ನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಕುತ್ತಿಗೆ ನೆಟ್ಟಗೆ, ನಡೆಯೆಲ್ಲ ಸೊಂಟದಿಂದ ಕೆಳಗೆ. ಎಡಗೈ ಕಿವಿಯ ತನಕ ಏರಿ ಇಳಿಯಿತು. ಇಷ್ಟು ವರ್ಷ ನಾನು ಹಿಂದೆ ಕೂತು ಬಾರಿಸಿದ್ದು ಈ ಬೆನ್ನಿಗೆ! ವನಜ ಈ ನಡಿಗೆಯನ್ನು ಯಾರಿಂದ ಕಲಿತಳು ಎಂದು ನಮಗೆ ಹೊಳೆದೇ ಇರಲಿಲ್ಲ. ರಂಗಸ್ಥಳದ ಹೊಗೆ ಗಾಳಿಗೆ ಇತ್ತ ಹರಿದು ಬಂದಿತ್ತು. ಮಬ್ಬಿನಲ್ಲಿ ನರೆಗೂದಲು ಕಾಣಲಿಲ್ಲ, ಪ್ರಾಯ ಕಾಣಲಿಲ್ಲ.

"ವನಜಾ!"

ಕೂಗಿದ್ದು ಸೋಮ. ಗಂಡ ಅಂಗಳದಿಂದ ಹೆಂಡತಿಯನ್ನು ಕರೆಯುವ ಬರೀ ಗಂಡುದನಿ.

ಅವಳು ನಿಂತಳು. ಅವಳು ಎಂದೇ ಹೇಳುತ್ತೇನೆ, ಆ ಹೊತ್ತಿಗೆ ಬೇರೆ ಮಾತು ನನ್ನ ಬಾಯಿಗೆ ಬಾರದು. ಬುಟ್ಟಿ ಹೊತ್ತವರು ಕುತ್ತಿಗೆ ತಿರುಗಿಸುವುದಿಲ್ಲ. ಇಡೀ ಮೈ ನಮ್ಮತ್ತ ತಿರುಗಿತು. ಮುಖ ಕಾಣಲಿಲ್ಲ.

"ಎಂತ?" ಎಂದಿತು ಎಳೆಯ ದನಿ, ಜಗಲಿಯ ಮೇಲೆ ಕೇಳಿದ್ದ ಅದೇ ದನಿ. "ಎಂತಕೆ ಕರೂದ್? ನಾನ್ ಇನ್ನ್ ಬಪ್ದಿಲ್ಲ. ನೀವ್ ಹೋಯಿ ಉಣ್ಣಿ."

ಮತ್ತೆ ತಿರುಗಿ, ಅದೇ ನಡಿಗೆಯಲ್ಲಿ ರಸ್ತೆಯ ಕತ್ತಲಿಗೆ ಸೇರಿದಳು.

ಸೋಮ ಅಲ್ಲೇ ಹುಲ್ಲಿನ ಮೇಲೆ ಕುಸಿದು, ಬಾಯಿಬಿಟ್ಟು ಅಳತೊಡಗಿದ. ಹಿಂದಿನ ಸಾಲಿನವರು ಆಟ ಬಿಟ್ಟು ನಮ್ಮತ್ತ ತಿರುಗಿ ನೋಡಿದರು. ನಾನು ಅವನನ್ನು ಸುಮ್ಮನಿರಿಸಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತೆ.