ವರ್ಷದ ಕೊನೆಯ ಶಾವಿಗೆ

ತಮಿಳುನಾಡಿನ ಪಲ್ಲಡದ ನಮ್ಮ ಮಹಡಿ ಕೋಣೆಯಲ್ಲಿ ಕೆಲಕಾಲ ಜಪಾನಿನ ಹುಡುಗಿಯೊಬ್ಬಳಿದ್ದಳು. ಊರ ಶಾಲೆಯಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಬಂದ ಸ್ವಯಂಸೇವಕಿ. ನಮ್ಮ ಮನೆಯ ಕನ್ನಡವನ್ನೇ ತಮಿಳೆಂದು ನಂಬಿ ಶಾಲೆಯಲ್ಲಿ ಧೈರ್ಯವಾಗಿ ಆಡುತ್ತಿದ್ದಳು. ಕರೆಂಟು ಹೋದರೂ ಸಾರು ಖಾರವಾದರೂ ಸೊಂಟ ಬಾಗಿಸಿ, “ಪರವಾಗಿಲ್ಲ” ಎಂದು ಇಡೀ ಜಿಲ್ಲೆಯನ್ನು ಕ್ಷಮಿಸಿಬಿಡುತ್ತಿದ್ದಳು. ಸಂಜೆ ಮಾತ್ರ ಮಹಡಿಯಲ್ಲಿ ನಿಂತು ಮೂಡಣ ದಿಕ್ಕನ್ನೇ ನೋಡುತ್ತಿದ್ದಳು. ಅಲ್ಲಿ ಕೋಳಿ ಫಾರಂ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

ವರ್ಷದ ಕೊನೆಯ ದಿನ ಅವರ ಮನೆಯಲ್ಲಿ ಎಲ್ಲರೂ ಕೂತು ಶಾವಿಗೆ ತಿನ್ನುತ್ತಾರಂತೆ. ಮನೆ ಬಿಟ್ಟ ಮೇಲೆ ಅವಳಿಗದು ಮೊದಲ ಹಬ್ಬ. ನನ್ನ ಹೆಂಡತಿ ಅಕ್ಕಿ ಶಾವಿಗೆ ಒತ್ತಿ, ನಮ್ಮ ಪದ್ಧತಿಯಂತೆ ಚೆನ್ನಾಗಿ ಪುಡಿಮಾಡಿ, ತೆಂಗಿನಹಾಲು ಸುರಿದು ಕೊಟ್ಟಳು.

ತಟ್ಟೆ ನೋಡಿದವಳ ಕಣ್ಣು ತುಂಬಿತು.

“ಎಳೆ ಉದ್ದ ಇರಬೇಕು, ಅಕ್ಕಾ. ಅದು ಆಯುಸ್ಸು. ಮುರಿಯಬಾರದು.”

“ಅಯ್ಯೋ ಕಣ್ಣೂ, ಮುನ್ನಾಡಿಯೇ ಹೇಳ್ಬಾರ್ದಾ? ಏನ್ರೀ, ಆ ಪುಡಿ ನಾವಿಬ್ರೇ ತಿಂದು ಮುಗ್ಸೋಣ. ಆಮೇಲೆ ನೀವೇ ಶಾವಿಗೆ ಒರಳು ತಿರುಗ್ಸಿ. ಎಳೆ ಕಡಿದ್ರೆ ನೋಡಿ!”

ಒಂದು ಜೀವದ ಆಯುಸ್ಸು ನನ್ನ ರಟ್ಟೆಯಲ್ಲಿದೆ ಎಂಬ ಗಾಂಭೀರ್ಯದಿಂದ ತಿರುಗಿಸಿದೆ. ಎಳೆ ಕಡಿಯದೆ ಇಳಿಯಿತು. ಅವಳು ಅದನ್ನು ಎತ್ತಿಹಿಡಿದು ಫೋನಿನಲ್ಲಿ ತಾಯಿಗೆ ತೋರಿಸಿದಳು. ಆಕೆ ಏನೋ ಕೇಳಿದರು. ಹುಡುಗಿ ಎಳೆಯನ್ನು ಮೆಲ್ಲಗೆ ತಟ್ಟೆಗಿಳಿಸಿದಳು.

“ಏನಂತೆ?” ಎಂದಳು ನನ್ನ ಹೆಂಡತಿ.

“ಒಬ್ಬಳೇ ತಿಂತೀಯಾ ಅಂತ.”

ಪುಡಿ ಶಾವಿಗೆ ತಿಂದು ಹೊಟ್ಟೆ ಬಿರಿಯುತ್ತಿದ್ದ ಗಂಡಹೆಂಡಿರಿಬ್ಬರೂ ತಟ್ಟೆ ಹಿಡಿದು, ಫೋನಿನೆದುರು ಹಸಿದವರ ಮುಖ ಮಾಡಿ ಕುಳಿತೆವು.